ಆಮೆಯ ಕತ್ತು

ಹನ್ಮು ಆಮೆಯ ಆಕಾರದಲ್ಲಿ ಕಟ್ಟಿದ ಮನೆಯ ಕತ್ತು ಬಿದ್ದದ್ದು ಮಳೆಯಿಂದಲ್ಲ, ನನ್ನಿಂದ. ನಮ್ಮೂರು ಬೆಳಂಬಾರದಲ್ಲಿ ಇದು ಯಾರಿಗೂ ಗೊತ್ತಿಲ್ಲ. ಹನ್ಮುಗೂ ಗೊತ್ತಿಲ್ಲ.

ಹನ್ಮು ನನ್ನ ಚಿಕ್ಕಪ್ಪನ ಮಗ. ಮಣ್ಣು ತುಳಿದು ಗೋಡೆ ಇಡುವುದನ್ನು ಅವನಿಗೆ ಕಲಿಸಿದ್ದು ನಾನು. ನಾನಿಟ್ಟ ಗೋಡೆಗೆ ನೂಲು ಹಿಡಿದರೆ ಕೂದಲೆಳೆಯಷ್ಟೂ ಓರೆ ಕಾಣದು. ಊರಲ್ಲಿ ಯಾರು ಮನೆ ಕಟ್ಟಿದರೂ ಮೊದಲು ನನ್ನನ್ನೇ ಕರೆಯುತ್ತಿದ್ದರು. ನನಗಿದ್ದದ್ದು ಅದೊಂದೇ ಹೆಸರು.

ಅಂಕೋಲೆಯ ಜನ ಕಾಯ್ದೆ ಮುರಿದು ಉಪ್ಪು ಮಾಡಿದರಲ್ಲ, ಅದರ ಮರುವರ್ಷ ಹನ್ಮು ಮದುವೆಯಾಗಿ ಬೇರೆ ಮನೆ ಹೂಡಲು ಹೊರಟ. ಕಡಲದಂಡೆಯ ಮೇಲಿನ ಗುಡ್ಡದಲ್ಲಿ ಒಂದು ಕರಿ ಬಂಡೆ ಇತ್ತು. ಅದನ್ನು ಅವನು ಒಡೆಯಲಿಲ್ಲ. ಮೊಟ್ಟೆಯಿಟ್ಟು ಕಡಲಿಗೆ ವಾಪಸು ಹೊರಟ ಆಮೆಯ ರೂಪ ಬರುವಂತೆ ಅದರ ಸುತ್ತ ಮಣ್ಣು ಮೆತ್ತುತ್ತ ಹೋದ. ಬಂಡೆಯೇ ಆಮೆಯ ಹಿಂಭಾಗ. ಪಕ್ಕದ ಗೇರುಮರದ ಬೇರೇ ಕೂರುವ ಜಗಲಿ. ಬೆನ್ನಿಗೆ ಗುಡ್ಡದ ಹುಲ್ಲನ್ನು ಆಮೆಚಿಪ್ಪಿನ ಹಾಗೆ ಸಾಲುಸಾಲಾಗಿ ಹೊದಿಸಿದ. ಒಲೆಯ ಮೇಲೆ ಹೊಗೆಗೂಡಾಗಿ ಮಣ್ಣಿನ ಕತ್ತು ಎತ್ತಿದ. ಗಂಜಿ ಬೇಯುವಾಗ ಆಮೆಯ ಮೂಗಿನಿಂದ ಹೊಗೆ ಬರುತ್ತಿತ್ತು.

ನೋಡಲು ದೂರದ ಶಿರವಾಡದಿಂದಲೂ ಜನ ಬಂದರು. ನನ್ನ ಹೆಂಡತಿ ದೇವಿಯೂ ಹೋಗಿ ಬಂದಳು.

“ನಮ್ಮನೇಲಿ ಒರಗಿದ್ರೆ ಗೋಡೆ ದೂಡ್ತದೆ. ಅಲ್ಲಿ ಗೋಡೆನೇ ತಬ್ಕಂತದೆ” ಅಂದಳು.

“ಹಂಗಾರೆ ಅಲ್ಲೇ ಹೋಗಿರು.”

“ಒಂದು ಮೂಲೆ ಕೊಟ್ರೆ ಹೋಗೂದೇಯ. ಅಲ್ಲಿ ಮೂಲೆನೇ ಇಲ್ವಲ್ಲ ಮಾರಾಯಾ!”

ಅವಳು ನಕ್ಕಳು. ನನಗೆ ಊಟ ಸೇರಲಿಲ್ಲ. ನಾನು ಕಲಿಸಿದವನು ನಾನು ಕಲಿಸದ್ದನ್ನು ಕಟ್ಟಿದ್ದ — ನನಗೆ ಕನಸಿನಲ್ಲೂ ಹೊಳೆಯದ್ದನ್ನು.

ಬೆನ್ನಿಗೆ ಹುಲ್ಲಿತ್ತು. ಕತ್ತು ಮಾತ್ರ ಬಯಲಿಗಿತ್ತು. ಮಳೆ ಹಿಡಿಯುವ ಮೊದಲು ಅದಕ್ಕೆ ಚಿಪ್ಪಿಸುಣ್ಣದ ಗಾರೆ ಬಳಿಯಬೇಕಿತ್ತು. ಗಾರೆಗೆ ಹೊಳೆಯ ಮರಳೇ ಆಗಬೇಕು. ಕಡಲ ಮರಳಾದರೆ ಅದರಲ್ಲಿನ ಉಪ್ಪು ತೇವ ಎಳೆಯುತ್ತದೆ, ಗಾರೆ ಗಟ್ಟಿಯಾಗುವುದಿಲ್ಲ. ಅದಕ್ಕೇ ಮರಳು ಬಂದ ಕೂಡಲೇ ಚಿಟಿಕೆ ತೆಗೆದು ನಾಲಿಗೆಗೆ ಇಟ್ಟು ನೋಡುವುದು ನಮ್ಮ ರೂಢಿ. ಅದನ್ನೂ ಅವನಿಗೆ ಹೇಳಿಕೊಟ್ಟದ್ದು ನಾನೇ.

ಮರಳು ತರುತ್ತೇನೆಂದು ಗಾಡಿ ಹೂಡಿದೆ. ಹೊಳೆಗೆ ಹೋಗಲಿಲ್ಲ. ಕಡಲದಂಡೆಯಲ್ಲಿ ತುಂಬಿಕೊಂಡು ಬಂದೆ.

ಹನ್ಮು ಬಗ್ಗಿ ಒಂದು ಚಿಟಿಕೆ ತೆಗೆದ. ಕೈ ಬಾಯಿಯ ಹತ್ತಿರ ಹೋಗಿತ್ತು.

“ಎಂತಾ ಹನ್ಮು, ನಾ ತಂದದ್ದನ್ನೂ ನೆಕ್ಕಿ ನೋಡ್ತ್ಯಾ?” ಅಂದೆ.

ಅವನ ಮುಖ ಸಣ್ಣದಾಯಿತು. “ಛೇ, ಕೈ ರೂಢಿ ತಿಮ್ಮಣ್ಣ. ತಪ್ಪಾಯ್ತು” ಎಂದು ಮರಳು ಕೆಳಗೆ ಬಿಟ್ಟು ಕೈ ಒರೆಸಿಕೊಂಡ.

ತಪ್ಪಾಯ್ತು ಅಂದವನು ಅವನು. ನನ್ನ ಹತ್ತಿರ.

ಆ ಮಳೆಗಾಲ ಕತ್ತು ಬೆವರಿತು. ಗಾರೆ ಚಕ್ಕೆಚಕ್ಕೆಯಾಗಿ ಎದ್ದಿತು, ನೀರು ಒಳಗಿನ ಮಣ್ಣಿಗೆ ಇಳಿಯಿತು. ಒಂದು ಮಧ್ಯಾಹ್ನ ಕತ್ತು ಕುಸಿದು ಒಲೆಯ ಮೇಲೆ ಬಿತ್ತು. ಹನ್ಮುವಿನ ಹೆಂಡತಿ ಸುಕ್ರಿ ನಾಟಿಗೆ ಹೋಗಿದ್ದಳು. ಹೋಗಿರದಿದ್ದರೆ — ಅವಳಾಗ ಬಸುರಿ.

“ದೇವರ ಅವತಾರದ ಹೊಟ್ಟೇಲಿ ಒಲೆ ಹಚ್ಚಿದ್ರೆ ಮತ್ತೆಂತಾ ಆಗ್ತದೆ?” ಅಂದರು ಊರವರು. ಹನ್ಮು ಕೆಸರಲ್ಲಿ ಕೂತಿದ್ದ.

“ನಂಗೇ ಕಟ್ಟೂಕೆ ಬರ್ಲಿಲ್ಲ ತಿಮ್ಮಣ್ಣ. ನೀ ಹೇಳ್ಕೊಟ್ಟ ಹಂಗೆ ನೆಟ್ಟಗೆ ಕಟ್ಬೇಕಿತ್ತು.”

ಹೌದು ಎಂದು ತಲೆ ಆಡಿಸಿದೆ. ಆಗ ನನಗೆ ಸಂತೋಷವೇ ಆಯಿತು. ಸುಳ್ಳು ಹೇಳಲಾರೆ.

ಹನ್ಮು ಸುಕ್ರಿಯನ್ನು ಕರೆದುಕೊಂಡು ಹಣಕೋಣಕ್ಕೆ ಕೂಲಿಗೆ ಹೋದ. ಮೊನ್ನೆ ಬೇಸಿಗೆಯಲ್ಲಿ ಹೋಗಿ ನೋಡಿದೆ. ಯಾರದೋ ತೋಟಕ್ಕೆ ಗೋಡೆ ಇಡುತ್ತಿದ್ದ. ನನ್ನ ಕಂಡು ಓಡಿ ಬಂದು ಕೈಗೆ ನೂಲು ಕೊಟ್ಟ.

“ಹಿಡ್ದು ನೋಡು ತಿಮ್ಮಣ್ಣ. ಈಗ ನಿನ್ನ ಹಂಗೇ ಕಟ್ತೆ.”

ಹಿಡಿದೆ. ಕೂದಲೆಳೆಯಷ್ಟೂ ಓರೆ ಇರಲಿಲ್ಲ. ಅಷ್ಟು ಕೆಟ್ಟ ಗೋಡೆಯನ್ನು ನಾನು ಎಲ್ಲೂ ನೋಡಿಲ್ಲ. ಹೇಳಬೇಕೆಂದೇ ಹೋದವನು ಹೇಳದೆ ಬಂದೆ.

ಬೆಳಂಬಾರದ ಗುಡ್ಡದಲ್ಲಿ ಬಂಡೆ ಹಾಗೇ ಇದೆ. ನಿನ್ನೆ ಅದರ ಸಂದಿಯಲ್ಲಿ, ಮಳೆ ತಾಗದ ಕಡೆ, ಕತ್ತಿನ ಗಾರೆಯ ಒಂದು ಚಕ್ಕೆ ಸಿಕ್ಕಿತು. ನಾಲಿಗೆಗೆ ಇಟ್ಟೆ. ಇನ್ನೂ ಉಪ್ಪು.

ಅದನ್ನು ಪಂಚೆಯ ತುದಿಗೆ ಕಟ್ಟಿಕೊಂಡಿದ್ದೇನೆ. ನಾಳೆ ಹಣಕೋಣಕ್ಕೆ ಹೋಗುತ್ತೇನೆ. ಹನ್ಮುವಿನ ಕೈಗೆ ಅದನ್ನು ಇಟ್ಟು, ಅಂದು ನಾನು ಮಾಡಗೊಡದ್ದನ್ನು ಈಗ ಮಾಡು ಎನ್ನುತ್ತೇನೆ — ನಾಲಿಗೆಗೆ ಇಟ್ಟು ನೋಡು.