ನಾಲಿಗೆಯ ಕೆಳಗಿನ ಎಳೆ

ಕರಿಬಸಮ್ಮನಿಗೆ ತನ್ನ ಹೆಸರು ಹೇಳಲಿಕ್ಕೇ ಬರುತ್ತಿರಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ‘ಕಯಿಬಸಮ್ಮ’ ಎಂದಳು, ಮನೆಮಂದಿ ಮುದ್ದು ಬಂದು ನಕ್ಕರು. ಹತ್ತು ವರ್ಷವಾದರೂ ಕಯಿಬಸಮ್ಮನಾಗಿಯೇ ಉಳಿದಾಗಲೂ ನಕ್ಕರು, ಆದರೆ ಆ ನಗು ಬೇರೆ.

ಅವಳವ್ವ ದಿನಾ ಬೆಳಿಗ್ಗೆ ಜೇನುತುಪ್ಪದಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ಅಂತರಘಟ್ಟಮ್ಮನಿಗೆ ಹರಕೆ ಹೊತ್ತು ಗುಡಿಯಲ್ಲಿ ಗಂಟೆ ಕಟ್ಟಿಸಿದಳು. ಗಂಟೆ ಚೆನ್ನಾಗಿಯೇ ನುಡಿಯಿತು, ಹುಡುಗಿ ನುಡಿಯಲಿಲ್ಲ. ಇಷ್ಟೆಲ್ಲ ಮಾಡಿದವರಲ್ಲಿ ಒಬ್ಬರಾದರೂ ಆ ನಾಲಿಗೆಯನ್ನು ಎತ್ತಿ ಕೆಳಗೇನಿದೆ ಎಂದು ನೋಡಿದರೇ? ಇಲ್ಲ. ಶಾಲೆಯ ಮೇಷ್ಟ್ರು ‘ಮರ’ ಅನ್ನು ಎಂದರೆ ಅವಳು ‘ಮಯ’ ಅನ್ನುತ್ತಿದ್ದಳು. ಬೇಕೆಂದೇ ಹಟ ಮಾಡುತ್ತಾಳೆಂದು ಅಂಗೈಗೆ ಬೆತ್ತದಲ್ಲಿ ಬಾರಿಸಿದರು. ಎರಡನೇ ಕ್ಲಾಸಿಗೇ ಅವಳ ಓದು ಮುಗಿಯಿತು.

ಆಮೇಲೆ ಅವಳು ಬಳಸುದಾರಿ ಹಿಡಿದಳು. ರಕಾರ ಬರುವ ಮಾತನ್ನೇ ಆಡುತ್ತಿರಲಿಲ್ಲ. ನೀರಿಗೆ ಗಂಗೆ ಎನ್ನುವಳು, ಎರಡು ಎನ್ನಲು ಬೆರಳು ತೋರಿಸುವಳು. ಎಮ್ಮೆ ಕರು ಹಾಕಿದ ದಿನ ಬೀದಿಗೆ ಓಡಿ ಬಂದು, “ಎಮ್ಮೆಗೆ ಮಗು ಆಯ್ತು” ಎಂದಳು. ಕೇರಿಯ ಹೆಂಗಸರು ಒಂದು ತಿಂಗಳು ಅದನ್ನೇ ಆಡಿಕೊಂಡರು. ಆ ಮಾತು ಹುಡುಕಲು ಅವಳು ಪಟ್ಟ ಪಾಡು ಯಾರಿಗೆ ಬೇಕಿತ್ತು? ಹುಡುಗಿಗೆ ಬುದ್ಧಿ ಸ್ವಲ್ಪ ಮಂದ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು.

ಹದಿನೇಳಕ್ಕೆ ಶಿವನಿಯ ಹತ್ತಿರದ ಊರಿಗೆ ಮದುವೆ ಮಾಡಿ ಕೊಟ್ಟರು. ಗಂಡನ ಹೆಸರು ನೋಡಿ, ಈರಭದ್ರಪ್ಪ! ಒಂದಲ್ಲ, ಎರಡು ರಕಾರ. ಮದುಮಗಳು ಹೊಸಿಲಲ್ಲಿ ನಿಂತು ಗಂಡನ ಹೆಸರು ಹೇಳಿದ ಮೇಲೇ ಒಳಗೆ ಬಿಡುವುದು ಆ ಕಡೆಯ ಪದ್ಧತಿ. ಆ ಒಂದು ದಿನ ಮಾತ್ರ. ಆಮೇಲೆ ಹೆಂಡತಿ ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ನಾದಿನಿ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಕರಿಬಸಮ್ಮ “ಈಯಬದ್ದಪ್ಪ” ಎಂದಳು. ಚಪ್ಪರದ ತುಂಬ ನಗು. ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಎಂದು ಪೀಡಿಸಿದರು. ಕೊನೆಗೆ ಅತ್ತೆ ಕಾಶಮ್ಮನೇ ಮುಂದೆ ಬಂದು, “ಬಿಡ್ರೇ, ಅದುನ್ನ ಯಾಕೆ ಗೋಳು ಹುಯ್ಕೊಂತೀರ. ಅವಳ ಬದ್ಲು ನಾನೇ ಹೇಳ್ತೀನಿ” ಎಂದು ಮಗನ ಹೆಸರು ಹೇಳಿ ಸೊಸೆಯನ್ನು ಒಳಗೆ ಕರೆದುಕೊಂಡಳು.

ಕಾಶಮ್ಮ ಕೆಟ್ಟವಳಲ್ಲ, ಕಷ್ಟವಿದ್ದದ್ದೇ ಅಲ್ಲಿ. ಅವತ್ತು ಸೊಸೆಯ ಬದಲು ಶುರು ಮಾಡಿದ ಮಾತನ್ನು ಅವಳು ನಿಲ್ಲಿಸಲೇ ಇಲ್ಲ. ಬಳೆಗಾರ ಬಂದಾಗ ಸೊಸೆ ಹಸಿರು ಬೇಕೆಂದು ಬೇವಿನೆಲೆ ತೋರಿಸಿದರೆ, “ಅವಳಿಗೆ ಕೆಂಪು ತೊಡಿಸಪ್ಪ, ಅವಳಿಗದೇ ಇಷ್ಟ” ಎನ್ನುವಳು. ಎಂಟು ವರ್ಷ ಕರಿಬಸಮ್ಮ ಕೆಂಪು ಬಳೆಯನ್ನೇ ತೊಟ್ಟಳು. ತವರಿಗೆ ಹೋಗಬೇಕೋ ಬೇಡವೋ, ಹೊಟ್ಟೆ ನೋಯುತ್ತದೋ ಇಲ್ಲವೋ, ಎಲ್ಲದಕ್ಕೂ ಅತ್ತೆಯದೇ ಉತ್ತರ. ತನ್ನ ಮಾತನ್ನು ಒಂದು ಸಲವಾದರೂ ತಾನೇ ಆಡಬೇಕೆಂದು ಅವಳು ಹಂಬಲಿಸುತ್ತಿದ್ದಳು.

ಅರವತ್ತಮೂರನೇ ಇಸವಿಯಲ್ಲಿ ಲಕ್ಕವಳ್ಳಿಯ ಡ್ಯಾಮಿನಲ್ಲಿ ಕೆಲಸಕ್ಕಿದ್ದ ತಮ್ಮ ಓಂಕಾರಮೂರ್ತಿಯ ಮನೆಗೆ ಹೋಗಿದ್ದಳು. ಅಲ್ಲಿ ಹಲ್ಲುನೋವು ಹತ್ತಿತು. ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಹಲ್ಲು ನೋಡಲು ಬಾಯಿ ತೆಗೆಸಿ, ನಾಲಿಗೆ ಮೇಲೆತ್ತಿ ಎಂದರು. ಅದು ಏಳಲಿಲ್ಲ.

“ಇದೇನಮ್ಮ, ಯಾರೂ ನೋಡಿಲ್ವಾ ಇದನ್ನ? ನಾಲಿಗೆ ಅಡೀಲಿ ಒಂದು ಎಳೆ ಇದೆ. ಎಲ್ಲರಿಗೂ ಇರುತ್ತೆ, ನಿಮಗೆ ತುದೀವರೆಗೂ ಬಂದು ಬಿಗಿ ಹಿಡ್ಕೊಂಡಿದೆ. ಮಗುವಾಗಿದ್ದಾಗ್ಲೇ ಕತ್ತರಿಸಿದ್ರೆ ಮುಗೀತಿತ್ತು” ಎಂದರು.

ಮರುದಿನ ಕತ್ತರಿಸಿದರು. ಒಂದು ಸೂಜಿ, ಕತ್ತರಿಯ ಒಂದು ಸದ್ದು, ಎರಡು ಹೊಲಿಗೆ. ಹೊರಗಿನ ಬೆಂಚಿನ ಮೇಲೆ ಕೂತು ಅವಳು ಬಿಕ್ಕಿಬಿಕ್ಕಿ ಅತ್ತಳು. ತಮ್ಮ ನೋವಿಗೆ ಅಳುತ್ತಾಳೆಂದುಕೊಂಡ. ಅದು ನೋವಲ್ಲ, ಸಿಟ್ಟು. ಇಪ್ಪತ್ತೈದು ವರ್ಷ ತನ್ನನ್ನು ಕಟ್ಟಿಹಾಕಿದ್ದು ಬೆರಳಿನುಗುರಿನಷ್ಟು ಚರ್ಮವೇ? ಆ ಬೆತ್ತ, ಆ ಬಜೆ, ಆ ನಗು, ಎಲ್ಲ ಇಷ್ಟಕ್ಕೇ? ಯಾರನ್ನು ಬಯ್ಯಬೇಕೆಂದು ಗೊತ್ತಾಗದೆ ಸಿಟ್ಟು ಇನ್ನೂ ಹೆಚ್ಚಾಯಿತು.

ಆದರೆ ಕತ್ತರಿಸಿದ ಮಾತ್ರಕ್ಕೆ ರಕಾರ ಬರಲಿಲ್ಲ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ ದಿನವೂ ಹೇಳಬೇಕು, ಇಲ್ಲವಾದರೆ ಮತ್ತೆ ಅಂಟಿಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ಊರಿಗೆ ಬಂದವಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಹೇಳಿಕೊಳ್ಳತೊಡಗಿದಳು. ‘ಮರ’ ಬರಲಿಲ್ಲ, ‘ಕರು’ ಬರಲಿಲ್ಲ. ವಾರಗಟ್ಟಲೆ ಯಕಾರವೇ. ತಲೆ ಚಚ್ಚಿಕೊಳ್ಳುವಷ್ಟು ರೇಗುತ್ತಿತ್ತು. ಕೊನೆಗೆ ತನ್ನನ್ನು ಸೋಲಿಸಿದ ಹೆಸರನ್ನೇ ಹಟಕ್ಕೆ ಬಿದ್ದು ಹಿಡಿದಳು. ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಅದು ಬಂತು, ಎರಡೂ ರಕಾರ ಸಮೇತ. ಅವಳಿಗೇ ನಂಬಿಕೆ ಬರದೆ ಇನ್ನೂ ಗಟ್ಟಿಯಾಗಿ ಹೇಳಿದಳು. “ಈರಭದ್ರಪ್ಪ.”

ಕಾಶಮ್ಮ ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿದ್ದಳು. “ಅಯ್ಯೋ ಮುಂಡೇದೆ, ಗಂಡನ್ ಹೆಸ್ರು ಹಿಡ್ದು ಕೂಗ್ತೀಯಾ? ನನ್ ಮಗ ಬದುಕ್ಬಾರ್ದಾ? ನಾಲ್ಗೆ ಕತ್ತರ್ಸಿದ್ದು ಇದ್ಕೇನೇ?”

ಕರಿಬಸಮ್ಮ ಸಗಣಿಯ ಕೈಯಲ್ಲೇ ಎದ್ದು ನಿಂತಳು. “ನಿಮ್ ಮಗನ್ಗೆ ಏನೂ ಆಗಲ್ಲ ಅತ್ತೆ. ಇಷ್ಟು ವರ್ಷ ನನ್ ಮಾತೆಲ್ಲ ನೀವೇ ಆಡಿದ್ರಿ. ನಾನು ಅನ್ನದೇ ಇದ್ದುದ್ನೂ ಅಂದೆ ಅಂತ ಹೇಳಿದ್ರಿ. ಇನ್ಮೇಲೆ ಬ್ಯಾಡ. ನನ್ ಮಾತು ನಾನೇ ಆಡ್ತೀನಿ.”

ಅಷ್ಟು ಉದ್ದದ ಮಾತನ್ನು ಆ ಮನೆಯಲ್ಲಿ ಅವಳು ಆಡಿದ್ದು ಅದೇ ಮೊದಲು. ‘ಇಷ್ಟು ವರ್ಷ’ ಎನ್ನುವಾಗ ನಾಲಿಗೆ ತುಸು ತಡವರಿಸಿತು, ಆದರೂ ಬಂತು. ಕಾಶಮ್ಮ ಹಾಲಿನ ಚೊಂಬನ್ನು ಕೆಳಗೆ ಕುಕ್ಕಿದಳು.

ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಈರಭದ್ರಪ್ಪ ಗಲಾಟೆ ಕೇಳಿ ಎದ್ದು ಬಂದ. ಸಾಧು ಮನುಷ್ಯ, ಹೆಂಡತಿಗೆ ಒಂದು ದಿನ ಗದರಿದವನಲ್ಲ. ಅವನ ಮುಖ ಕಂಡು ಇವಳ ಮುಖ ಅರಳಿತು. ಗಂಡನಾದರೂ ಕೇಳಿಸಿಕೊಂಡನಲ್ಲ ಎಂದುಕೊಂಡಳು.

ಅವನು ಅವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ.

“ಲೇ, ಸುಮ್ಕಿರೇ ಸಾಕು” ಎಂದ.

ಹುಟ್ಟಿದಾಗಿನಿಂದ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ.