ತೊಟ್ಟಿ ಎನ್ನೊನದು, ಬಕೆಟ್ ವೀಬ್ಕೆಯದು

ಜರ್ಮನಿಯ ಎಮ್ಡೆನ್ ಬಂದರಿನ ಹಿಂದಿನ ಬೀದಿಯಲ್ಲಿ ಯಾರನ್ನು ಕೇಳಿದರೂ ಎನ್ನೊ ಹಾರ್ಮ್ಸ್‌ನ ಹವಳ ಸಾಕುವ ಗಾಜಿನ ತೊಟ್ಟಿಯಿರುವ ಮನೆಯನ್ನು ತೋರಿಸುತ್ತಾರೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ, ಅವನ ಹೆಂಡತಿ ವೀಬ್ಕೆಯ ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ಅದು ನೀಲಿಯಾಗಿ ಬೆಳಗುತ್ತದೆ. ಹೊಲಿಗೆ ಯಂತ್ರ ಅಟ್ಟ ಸೇರಿ ಎಷ್ಟೋ ವರ್ಷವಾಯಿತು.

ವೀಬ್ಕೆ ನಸುಕಿಗೇ ಬೇಕರಿಗೆ ಹೋಗಿ, ಮಧ್ಯಾಹ್ನದವರೆಗೂ ನಿಂತೇ ಬನ್ನು ಮಾರಿ ಮನೆಗೆ ಬರುತ್ತಾಳೆ. ಬಂದವಳು ಬಕೆಟ್ಟಿನಲ್ಲಿ ಉಪ್ಪು ಕದಡಬೇಕು, ಗಾಜಿನ ಪಾಚಿ ಕೆರೆಯಬೇಕು, ಮೀನಿನ ಹೇಲೆಲ್ಲ ಕಂದು ನೊರೆಯಾಗಿ ಬಂದು ಸೇರುವ ಬಟ್ಟಲನ್ನು ವಾರಕ್ಕೊಮ್ಮೆ ಬಚ್ಚಲಲ್ಲಿ ತೊಳೆಯಬೇಕು. ಆ ನಾತ ಕೈಗೆ ಹತ್ತಿದರೆ ಎರಡು ಸಲ ಸೋಪು ಹಾಕಿದರೂ ಹೋಗುವುದಿಲ್ಲ. ಎನ್ನೊ ಸಂಜೆ ಬಂದು ಮೀನುಗಳಿಗೆ ಚಿಟಿಕೆ ಆಹಾರ ಉದುರಿಸುತ್ತಾನೆ. ಕೆಲಸವಿದ್ದಾಗ ಅವನಿಗೆ ಅದು ‘ನಮ್ಮ ತೊಟ್ಟಿ’, ನೆಂಟರು ಬಂದಾಗ ‘ನನ್ನ ತೊಟ್ಟಿ’.

ಹವಳ ಸಾಕುವವರ ಬಳಗದಲ್ಲಿ ಒಂದು ರೂಢಿಯಿದೆ. ಹವಳದ ತುಂಡನ್ನು ಮುರಿದು ಒಬ್ಬರಿಗೊಬ್ಬರು ಕೊಡುತ್ತಾರೆ. ಬೆಳೆಸಿದವರ ಹೆಸರು ಅದರ ಜೊತೆಗೇ ಹೋಗುತ್ತದೆ. ಉಗುರಿನಷ್ಟಿದ್ದ ಗುಲಾಬಿ ಬಣ್ಣದ ತುಂಡೊಂದನ್ನು ವೀಬ್ಕೆ ಕಲ್ಲಿಗೆ ಅಂಟಿಸಿ ಎರಡು ಅಂಗೈಯಗಲದ ಪೊದೆ ಮಾಡಿದ್ದಳು. ಊರಿಗೆಲ್ಲ ಅದು ‘ಎನ್ನೊನ ಗುಲಾಬಿ’. ಅವಳು ಇಷ್ಟು ದಿನ ನುಂಗಿಕೊಂಡ ಮಾತುಗಳಲ್ಲಿ ಇದೂ ಒಂದು.

ನೀರಿನ ಕ್ಷಾರ ಅಳೆಯಲು ಅವಳದು ಹನಿ ಪರೀಕ್ಷೆ. ಪುಟ್ಟ ಗಾಜಿನ ಶೀಶೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು, ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಹನಿ ಎಣಿಸುತ್ತ ಔಷಧಿ ಹಾಕುವುದು. ಆ ಔಷಧಿಯ ಹೊಸ ಡಬ್ಬ ತಂದಾಗಲೆಲ್ಲ ಅವಳು ಮೊದಲು ಡಬ್ಬವನ್ನೇ ಪರೀಕ್ಷಿಸುತ್ತಾಳೆ. ಕ್ಷಾರ ಎಷ್ಟಿದೆಯೆಂದು ಮೇಲೆಯೇ ಅಚ್ಚಾದ ಅಳತೆ ನೀರಿನ ಬಾಟಲಿ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೇಲೆ ಪ್ರಯೋಗಿಸಿ, ಡಬ್ಬ ಎಷ್ಟು ಸುಳ್ಳು ಹೇಳುತ್ತದೆಂದು ತಿಳಿದುಕೊಂಡ ಮೇಲೆಯೇ ಅದನ್ನು ನಂಬುವುದು.

ಈ ಸಲ ಎನ್ನೊ ಮೀಟರ್ ತಂದ. ನೀರಿಗೆ ಅದರದೇ ಔಷಧಿ ಬೆರೆಸಿ ಇಟ್ಟರೆ ಅಂಕಿ ಬೆಳಗುವ ಮೀಟರ್. ಅದು ದಿನವೂ ಕ್ಷಾರ ಕಡಿಮೆಯೆಂದು ತೋರಿಸಿತು. ಅದನ್ನು ಏರಿಸಲು ಅವನು ದಿನವೂ ತೊಟ್ಟಿಗೆ ಸೋಡಾಪುಡಿ ಸುರಿದ. ಒಂದು ವಾರದಲ್ಲಿ ಗುಲಾಬಿಯ ತುದಿಗಳು ಸುಟ್ಟಂತೆ ಬೆಳ್ಳಗಾದವು.

“ಸುರಿಯೋದು ನಿಲ್ಸು. ಹನಿ ಲೆಕ್ಕದಲ್ಲಿ ಕ್ಷಾರ ಮೇಲೇರಿದೆ,” ಎಂದಳು ವೀಬ್ಕೆ.

“ನಿಂದು ಕಣ್ಣಳತೆ ಕಣೇ. ಇದು ದಶಮಾಂಶ ತೋರ್ಸುತ್ತೆ.”

“ದಶಮಾಂಶಕ್ಕೆ ಬೆಂಕಿ ಬೀಳ್ಲಿ. ತುದಿ ನೋಡು.”

“ಹೊಂದ್ಕೊಳ್ಳೋಕೆ ಟೈಮ್ ಬೇಕು ಅದಕ್ಕೆ.”

ಶನಿವಾರ ಚಹಕ್ಕೆ ತಾಲೆಯಾ ಬಂದಳು. ಬಳಗದ ಹಳಬಳು, ವೀಬ್ಕೆಯ ಗೆಳತಿ. ವೀಬ್ಕೆ ಕಲ್ಲುಸಕ್ಕರೆಯ ಮೇಲೆ ಚಹ ಸುರಿದು ಕೆನೆ ಬಿಟ್ಟಳು. ಎನ್ನೊ ಮೀಟರಿನ ಗುಣಗಾನ ಮಾಡುತ್ತಿದ್ದ. ತಾಲೆಯಾಳ ಕಣ್ಣು ತೊಟ್ಟಿಯ ಮೇಲಿತ್ತು.

“ಎನ್ನೊ, ನಿನ್ನ ಗುಲಾಬಿಗೆ ಏನಯ್ಯಾ ಬಂತು?”

“ಕ್ಷಾರ ಸಾಲ್ತಾ ಇಲ್ಲ. ಈಗ ಇನ್ನೊಂದು ಚಮಚ ಹಾಕ್ತೀನಿ.”

ವೀಬ್ಕೆ ಒಳಗೆ ಹೋಗಿ ಅಳತೆ ನೀರಿನ ಬಾಟಲಿಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು. “ಇದರ ಮೇಲೆ ಎಂಟು ಅಂತ ಅಚ್ಚಾಗಿದೆ. ನಿನ್ನ ಮೀಟರಿಗೆ ಹಾಕು. ತಾಲೆಯಾ ನೋಡ್ಲಿ.”

ಹಾಕಿದ. ಅಂಕಿ ಐದೂ ದಾಟಲಿಲ್ಲ.

“ಈ ನೀರೇ ಸರಿಯಿಲ್ಲ,” ಎಂದ ಎನ್ನೊ.

“ಸೀಲ್ ಈಗ ತಾನೇ ನಿನ್ನ ಕಣ್ಮುಂದೆ ಒಡೆದೆ.”

ಅದೇ ನೀರಿಗೆ ಅವಳ ಹನಿ ಪರೀಕ್ಷೆಯಲ್ಲಿ ಎಂಟೂವರೆ ಬಂತು. “ನಂದು ಯಾವಾಗ್ಲೂ ಅರ್ಧ ಜಾಸ್ತಿ ಹೇಳುತ್ತೆ. ನಂಗೊತ್ತು, ಕಳೀತೀನಿ.”

ಎನ್ನೊ ತೊಡೆ ತಟ್ಟಿ ನಕ್ಕ. “ನೋಡಿದ್ಯಾ ತಾಲೆಯಾ, ಅವಳದೂ ತಪ್ಪೇ. ಬಾಯಲ್ಲೇ ಒಪ್ಕೊಂಡ್ಳು.”

ತಾಲೆಯಾ ನಗಲಿಲ್ಲ. ಎದ್ದು ಹೋಗಿ, ತೊಟ್ಟಿಯ ದೀಪದ ಮೇಲಿದ್ದ ಮೀಟರಿನ ಔಷಧಿ ಶೀಶೆಯನ್ನು ಎತ್ತಿಕೊಂಡಳು. “ಬೆಚ್ಚಗಿದೆಯಲ್ಲಯ್ಯಾ. ಇದನ್ನ ಇಲ್ಲೇ ಇಡ್ತೀಯಾ? ಕಾವಿಗೆ ಕೆಟ್ಟು ಹೋಗಿರುತ್ತೆ.”

“ಕೈಗೆ ಸಿಗ್ಲಿ ಅಂತ ಇಟ್ಟೆ. ಇಷ್ಟು ದುಡ್ಡು ಕೊಟ್ಟಿದ್ದು ಸುಳ್ಳು ಹೇಳುತ್ತಾ?” ಎನ್ನೊ ಸೋಡಾಪುಡಿಯ ಡಬ್ಬದ ಮುಚ್ಚಳ ತಿರುಗಿಸಿದ. “ಅಡುಗೆಮನೆಯಲ್ಲಿ ನಿನ್ನ ಮಾತು ನಡೀಲಿ ವೀಬ್ಕೆ. ಇದು ನನ್ನ ತೊಟ್ಟಿ.”

ವೀಬ್ಕೆ ತನ್ನ ಚಹದ ಬಟ್ಟಲೊಳಗೆ ಚಮಚ ನಿಲ್ಲಿಸಿದಳು. ಚಹ ಸಾಕು ಎನ್ನುವಾಗ ಅಲ್ಲಿಯವರು ಮಾಡುವುದೇ ಹಾಗೆ. ಅದನ್ನು ಕಂಡು ತಾಲೆಯಾ ಕೋಟಿಗೆ ಕೈಹಾಕಿದಳು.

“ತಾಲೆಯಾ, ನಿನ್ನ ತೊಟ್ಟಿಯಲ್ಲಿ ಜಾಗ ಇದೆಯೇನೇ?” ಎಂದಳು ವೀಬ್ಕೆ.

“ಬಾರೇ, ಮಾಡೋಣ.”

ವೀಬ್ಕೆ ಬಚ್ಚಲಿನಿಂದ ಬಕೆಟ್ ತಂದಳು. ಅಂಗಿಯ ತೋಳು ಮಡಚಿ, ಭುಜದವರೆಗೆ ಕೈ ಇಳಿಸಿ, ಗುಲಾಬಿಯನ್ನು ಕಲ್ಲುಸಮೇತ ಮೇಲೆತ್ತಿದಳು. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿ ಅದನ್ನು ಮುಳುಗಿಸಿ, ಕಾವು ಇಳಿಯದಿರಲೆಂದು ತನ್ನ ಚಳಿಗಾಲದ ಕೋಟನ್ನು ಸುತ್ತಿದಳು. ಎನ್ನೊನ ಹೊಸ ಜಮಖಾನದ ಮೇಲೆಲ್ಲ ಉಪ್ಪುನೀರು.

“ತಲೆ ಕೆಟ್ಟಿದೆಯಾ? ನನ್ನ ಗುಲಾಬಿ ಎಲ್ಲಿಗೆ ಒಯ್ತಿದೀಯಾ?”

“ತೊಟ್ಟಿ ನಿಂದು, ನಿನ್ನ ಹತ್ರಾನೇ ಇರ್ಲಿ. ಬಕೆಟ್ ನಂದು. ಇದರೊಳಗೆ ಇರೋದೂ ನಂದೇ.”

“ಜನ ಏನಂತಾರೆ?”

“ವೀಬ್ಕೆಯ ಗುಲಾಬಿ ಅಂತಾರೆ. ಅಭ್ಯಾಸ ಮಾಡ್ಕೊ.”

ತಾಲೆಯಾಳ ಕಾರಿನಲ್ಲಿ ಬಕೆಟ್ಟನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಕೂತಳು. ಒದ್ದೆ ತೋಳು ಚಳಿಗೆ ಸೆಟೆಯುತ್ತಿತ್ತು. ಸಿಟ್ಟು ಇಳಿದಿರಲಿಲ್ಲ; ಇಳಿಯುವುದೂ ಬೇಕಿರಲಿಲ್ಲ.

“ಸುಟ್ಟ ತುದಿ ಉದುರುತ್ತೆ. ಬುಡ ಗಟ್ಟಿಯಾಗಿದೆ,” ಎಂದಳು ತಾಲೆಯಾ. “ಸೀದಾ ತೊಟ್ಟಿಗೆ ಬಿಡೋದು ಬೇಡ. ನಮ್ಮ ನೀರನ್ನ ನಿಧಾನವಾಗಿ ಬಕೆಟ್ಟಿಗೆ ಸೇರಿಸ್ತಾ ಹೋಗೋಣ.”

“ಮೊದ್ಲು ನಿನ್ನ ಹನಿ ಡಬ್ಬ ಕೊಡು,” ಎಂದಳು ವೀಬ್ಕೆ. ಅಳತೆ ನೀರಿನ ಬಾಟಲಿ ಅವಳ ಜೇಬಿನಲ್ಲಿತ್ತು. “ನಿಂದು ಎಷ್ಟು ಸುಳ್ಳು ಹೇಳುತ್ತೋ ನೋಡ್ತೀನಿ.”

ಶನಿವಾರ ನೊರೆಯ ಬಟ್ಟಲು ತೊಳೆಯುವ ದಿನ. ಅದು ಅಂಚಿನವರೆಗೆ ತುಂಬಿದ್ದನ್ನು ಅವಳು ಹೊರಡುವಾಗ ನೋಡಿದ್ದಳು. ಎನ್ನೊನಿಗೆ ಅದರ ಮುಚ್ಚಳ ಯಾವ ಕಡೆಗೆ ತಿರುಗುತ್ತದೆಂದೂ ಗೊತ್ತಿರಲಿಲ್ಲ.