ಹಾಲಮ್ಮ ಹೊಲಿದ ಹೆಗಲಿಲ್ಲದ ಫ್ರಾಕು

ಶಿಕಾರಿಪುರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ ೧೯೫೮ನೆಯ ಇಸವಿಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಹೆಣ್ಣುಮಕ್ಕಳು ತೊಡುವ ಉಡುಪೊಂದು ಹೆಗಲಿನ ಹಂಗಿಲ್ಲದೆ ಮೈಮೇಲೆ ನಿಲ್ಲಬಲ್ಲದೇ ಎಂಬ ಪ್ರಶ್ನೆ ಆ ವರ್ಷದ ಕಾರ್ತಿಕದಲ್ಲಿ ಈ ಊರಿನ ಮುಂದೆ ಬಂದು ನಿಂತಿತು. ಶಾಸನಗಳಿಗೆ ಈ ತಾಲ್ಲೂಕಿನಲ್ಲಿ ಬರವಿಲ್ಲ. ಬಂದಳಿಕೆಯಲ್ಲಿ ಎಡವಿದರೆ ಒಂದು ಸಿಕ್ಕುತ್ತದೆ. ಆದರೆ ದಾನ, ಯುದ್ಧ, ಸ್ವರ್ಗಾರೋಹಣಗಳ ಬಗ್ಗೆ ಅಷ್ಟೊಂದು ಹೇಳುವ ಆ ಕಲ್ಲುಗಳು ಈ ವಿಷಯದಲ್ಲಿ ಬಾಯಿ ಬಿಟ್ಟಿಲ್ಲ. ಪ್ರಶ್ನೆಯನ್ನು ಎದುರಿಸಿದವರು ಹಾಲಮ್ಮ, ನಲವತ್ತಾರು ವರ್ಷದ ದರ್ಜಿ ಹೆಂಗಸು. ಒಬ್ಬರೇ ಎದುರಿಸಿದರು.

ಬೆಳಗಿನ ಐದೂವರೆ. ಅಂಗಳಕ್ಕೆ ನೀರು ಹಾಕಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರುವ ಮೊದಲೇ ಹಾಲಮ್ಮ ಕಿಟಕಿಯ ಪಕ್ಕ ಚಾಪೆಯ ಮೇಲೆ ಕೈಮಿಷನ್ನಿನ ಮುಂದೆ ಕೂರುತ್ತಾರೆ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಬಟ್ಟೆಯನ್ನು ಸೂಜಿಯ ಕೆಳಗೆ ದೂಡುತ್ತದೆ. ಓಣಿಯ ಮೊದಲ ಕೊಡ ಬಾವಿಗೆ ಇಳಿಯುವ ಹೊತ್ತಿಗೆ ಒಂದು ರವಿಕೆಯ ಎರಡೂ ತೋಳು ಕೂಡಿಕೊಂಡಿರುತ್ತವೆ. ದಿನಕ್ಕೆ ನಾಲ್ಕು ರವಿಕೆ, ಮದುವೆಯ ತಿಂಗಳುಗಳಲ್ಲಿ ಏಳು. ಕಣ್ಣು ಮೊದಲಿನಂತಿಲ್ಲ. ಸೂಜಿಗೆ ದಾರ ಪೋಣಿಸಲು ಈಗ ಮೂರು ಸಲ ಪ್ರಯತ್ನ ಬೇಕು. ಮೂರನೆಯದಕ್ಕೂ ಒಗ್ಗದಿದ್ದರೆ ಸೂಜಿಯದೇ ತಪ್ಪು.

ಗೋಡೆಯ ಗೂಟಗಳಲ್ಲಿ ನೂರಕ್ಕೂ ಹೆಚ್ಚು ದಾರಗಳು ನೇತಾಡುತ್ತಿವೆ. ಒಂದೊಂದು ದಾರವೂ ಒಬ್ಬೊಬ್ಬ ಹೆಂಗಸು: ಮೊದಲ ಗಂಟಿಗೆ ತೋಳು, ಎರಡನೆಯದಕ್ಕೆ ಬೆನ್ನು, ಮೂರನೆಯದಕ್ಕೆ ಎದೆ. ಯಾವ ದಾರ ಯಾರದೆಂದು ಹಾಲಮ್ಮನವರಿಗೆ ಮಾತ್ರ ಗೊತ್ತು. ಪಕ್ಕದ ಮನೆಯ ವೀರಮ್ಮನ ದಾರದಲ್ಲಿ ಗಂಟುಗಳು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತವೆ. ಅದನ್ನು ಹಾಲಮ್ಮ ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಇಂಚುಪಟ್ಟಿಯೂ ಇದೆ. ಅದು ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಲು ಒದಗಿದೆ.

ತಂದೆ ಪಂಚಾಕ್ಷರಪ್ಪ ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು. ಗಂಡಸಾದವನು ಹೆಂಗಸರ ಅಳತೆ ತೆಗೆಯುವಂತಿಲ್ಲ. ಅಳತೆಯಿಲ್ಲದೆ ಹೊಲಿದರೆ ಅದು ರವಿಕೆಯೂ ಅಲ್ಲ, ಚೀಲವೂ ಅಲ್ಲ. ಹಾಗಾಗಿ ಹದಿಮೂರು ವರ್ಷದ ಮಗಳ ಕೈಗೆ ದಾರ ಕೊಟ್ಟು ಊರಿನ ಒಳಮನೆಗಳಿಗೆ ಕಳಿಸಿದರು. ಉಡುತಡಿಗೆ ಮದುವೆಯಾಗಿ ಹೋದ ಹಾಲಮ್ಮ, ನಾಲ್ಕನೆಯ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಮರಳಿ ಮತ್ತೆ ದಾರ ಹಿಡಿದರು. ತಂದೆ ಹೋಗಿ ಒಂಬತ್ತು ವರ್ಷ. ಅಂಗಡಿ ದಾಯಾದಿಗಳ ಪಾಲಾಯಿತು. ಅಲ್ಲಿ ಮಗಳು ಕೂರಬಾರದೆಂದು ಯಾರೂ ಹೇಳಲಿಲ್ಲ. ಕೂರುತ್ತೀಯಾ ಎಂದು ಕೇಳಲೂ ಇಲ್ಲ. ಇವತ್ತಿಗೂ ಊರಿನ ಹೆಂಗಸರು ಹಾಲಮ್ಮನವರ ರವಿಕೆ ತೊಟ್ಟು ‘ಪಂಚಾಕ್ಷರಪ್ಪನ ಹೊಲಿಗೆ’ ಎಂದೇ ತೋರಿಸುತ್ತಾರೆ.

“ಇರ್ಲಿ ಬಿಡ್ರಿ,” ಅನ್ನುತ್ತಾರೆ ಹಾಲಮ್ಮ. “ಚೆನ್ನಾಗಿ ಕೂತ್ರೆ ಅಪ್ಪನ ಹೆಸರು. ಕಂಕುಳಲ್ಲಿ ಹಿಡಿದ್ರೆ ನನ್ನ ಹೆಸರು ಎಲ್ರಿಗೂ ನೆನಪಿರ್ತೈತೆ.”

ಹೆಸರಿನ ಜೊತೆಗೆ ತಂದೆ ಒಂದು ಕಟ್ಟಳೆಯನ್ನೂ ಬಿಟ್ಟು ಹೋಗಿದ್ದಾರೆ. ಬಟ್ಟೆಗೆ ಮೊದಲ ಕತ್ತರಿ ಬೀಳುವುದು ಹೆಗಲಿಗೆ. ಎಲ್ಲ ಮುಗಿದ ಮೇಲೆ ಬಲಹೆಗಲಿಗೆ ಕೈಸೂಜಿಯಲ್ಲಿ ಮೂರು ಹೊಲಿಗೆ ಹಾಕಿ, ಕಣ್ಣಿಗೊತ್ತಿಕೊಂಡ ಮೇಲೆಯೇ ಬಟ್ಟೆ ಹೊಸಿಲು ದಾಟಬೇಕು. ಆ ಮೂರು ಹೊಲಿಗೆ ಬೀಳದ ಬಟ್ಟೆ ಕೊರತೆಯ ಬಟ್ಟೆ. ಕೊರತೆಯ ಬಟ್ಟೆ ಕೊಟ್ಟ ದರ್ಜಿ ದರ್ಜಿಯಲ್ಲ. ಲಂಗಕ್ಕೆ ಹೆಗಲೆಲ್ಲಿ ಎಂದು ಮಗಳು ಚಿಕ್ಕಂದಿನಲ್ಲಿ ಕೇಳಿದ್ದುಂಟು. ಪಂಚಾಕ್ಷರಪ್ಪ ಲಂಗವನ್ನು ಬಟ್ಟೆಯೆಂದೇ ಒಪ್ಪಲಿಲ್ಲ.

ಇಂಥ ಮನೆಗೆ ಆ ಕಾರ್ತಿಕದಲ್ಲಿ ನರ್ಸಮ್ಮ ಬಂದರು. ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಆಂಗ್ಲೋ ಇಂಡಿಯನ್ ಹುಡುಗಿ, ಮೊದಲು ಶಿಕಾರಿಪುರದಲ್ಲಿದ್ದು ಆಗ ಸೊರಬದಲ್ಲಿ ಕೆಲಸಕ್ಕಿದ್ದವರು. ಅವರಿಗೊಂದು ಹೆಸರಿತ್ತು. ಎರಡು ತಾಲ್ಲೂಕಿನಲ್ಲಿ ಯಾರೂ ಅದನ್ನು ಬಳಸಿದ್ದಿಲ್ಲ. ಅವರ ಬಿಳಿ ಸಮವಸ್ತ್ರಗಳನ್ನೆಲ್ಲ ಹಾಲಮ್ಮನವರೇ ಹೊಲಿದುಕೊಟ್ಟಿದ್ದರು. ಈ ಸಲ ನರ್ಸಮ್ಮ ತಂದದ್ದು ಕಡುನೀಲಿ ಸ್ಯಾಟಿನ್ ಬಟ್ಟೆ, ಜೊತೆಗೆ ತಾಯಿಯ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆ. ಹಾಳೆಯಲ್ಲಿದ್ದ ದೊರೆಸಾನಿಯ ಫ್ರಾಕು ಎದೆಯ ಮಟ್ಟಕ್ಕೆ ಶುರುವಾಗುತ್ತಿತ್ತು. ಅದರ ಮೇಲೆ ಬರೀ ದೊರೆಸಾನಿ.

ಚಿತ್ರ ಹರಿದಿದೆಯೇನೋ ಎಂದು ಹಾಲಮ್ಮ ಹಾಳೆಯನ್ನು ತಿರುಗಿಸಿ ನೋಡಿದರು. ಹಿಂದುಗಡೆ ಸೋಪಿನ ಜಾಹೀರಾತು.

ನರ್ಸಮ್ಮ ವಿಷಯ ಬಿಡಿಸಿ ಹೇಳಿದರು. ಅವರ ಮನೆಯವರೆಲ್ಲ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ. ಕಾಲೊನಿಯಲ್ಲಿ ಡಿಸೆಂಬರ್ ಮೂವತ್ತೊಂದರ ಸಂಜೆ ನಡೆಯುವ ನೃತ್ಯವೇ ಅವರ ಪಾಲಿಗೆ ಕೊನೆಯದು. ತಾಯಿ ತನ್ನ ಕಾಲದಲ್ಲಿ ಇಂಥದ್ದೊಂದನ್ನು ತೊಡಬೇಕೆಂದು ಆಸೆಪಟ್ಟು ಹಾಳೆಯನ್ನಷ್ಟೇ ಇಟ್ಟುಕೊಂಡಿದ್ದಳು. “ಹಡಗ ಹತ್ತೂದ್ರಾಗ ಒಮ್ಮೆ ನಮ್ಮವ್ವ ಇದನ್ನ ನನ್ನ ಮೈಮ್ಯಾಲ ನೋಡ್ಲಿ ಅಂತ್ರಿ, ಹಾಲಮ್ಮಾರ,” ಅಂದರು ನರ್ಸಮ್ಮ.

ಹಾಲಮ್ಮ ಆಗಲಿ ಅಂದುಬಿಟ್ಟರು. ಆಮೇಲೆ ಎಂಟು ದಿನ ಸ್ಯಾಟಿನ್ನಿಗೆ ಕತ್ತರಿ ಮುಟ್ಟಿಸಲಿಲ್ಲ. ಹೆಗಲೇ ಇಲ್ಲದ ಮೇಲೆ ಮೊದಲ ಕತ್ತರಿ ಎಲ್ಲಿಗೆ? ಕೋರಾ ಬಟ್ಟೆಯಲ್ಲಿ ಮೂರು ಸಲ ಹೊಲಿದು ಮಗುಚಿದ ಕೊಡಕ್ಕೆ ತೊಡಿಸಿ ನೋಡಿದರು. ಮೂರೂ ಸಲ ಜಾರಿ ಕುಪ್ಪೆಯಾಯಿತು. ಕೊನೆಗೆ ದಾರಿ ತೋರಿಸಿದ್ದು ತಂದೆ ಲೆಕ್ಕಕ್ಕೇ ಹಿಡಿಯದ ಲಂಗ. ಅದು ನಿಲ್ಲುವುದು ಸೊಂಟದ ಮೇಲೆ. ಹಾಗಾದರೆ ಈ ಫ್ರಾಕು ಹೆಗಲಿಂದ ಇಳಿಬೀಳುವುದಲ್ಲ, ಸೊಂಟದಿಂದ ಮೇಲಕ್ಕೆ ಎದ್ದು ನಿಲ್ಲುವುದು, ಬುಟ್ಟಿಯ ಹಾಗೆ.

ಬುಟ್ಟಿಯೆಂದ ಮೇಲೆ ಮೇದಾರರಿಲ್ಲದೆ ಆಗದು. ಹಾಲಮ್ಮ ಸೊರಬದ ಬಸ್ಸು ಹತ್ತಿದರು. ಬಸ್‌ಸ್ಟ್ಯಾಂಡಿನ ಹಿಂದೆ ಬಿದಿರು ಸೀಳುತ್ತ ಕೂತಿದ್ದ ಪುಟ್ಟಪ್ಪನವರ ಹತ್ತಿರ, ಮೊರದ ಸೀಳಿಗಿಂತ ತೆಳ್ಳಗೆ ಹನ್ನೊಂದು ಸೀಳು ಬೇಕೆಂದು ಕೇಳಿದರು. ಅವರು ಮೊರಕ್ಕೋ ಜರಡಿಗೋ ಎಂದು ವಿಚಾರಿಸಿದರು. ಫ್ರಾಕಿಗೆ ಎಂದರು ಇವರು. ಪುಟ್ಟಪ್ಪ ಕತ್ತಿ ಕೆಳಗಿಟ್ಟರಂತೆ. “ನಮ್ಮಜ್ಜನ ಕಾಲದಿಂದ ಬಿದ್ರು ಸೀಳ್ತಾ ಇದೀವಿ ಅಮ್ಮ. ಅಕ್ಕಿ ಕೇರೋದಕ್ಕೆ ಕೇಳಿದಾರೆ, ಹೆಣ ಹೊರೋದಕ್ಕೆ ಕೇಳಿದಾರೆ. ಉಡೋದಕ್ಕೆ ಅಂತ ನೀವೇ ಮೊದಲು.” ಆದರೂ ಸೀಳಿ ಕೊಟ್ಟರು, ಗಾಜಿನ ಚೂರಿನಿಂದ ನುಣುಪಾಗಿ ಹೆರೆದು.

ಹನ್ನೊಂದು ಸೀಳುಗಳ ತುದಿಗೆ ಹತ್ತಿ ಸುತ್ತಿ, ಮೇಣ ಬಳಿದು, ಕೋರಾ ಬಟ್ಟೆಯ ಎರಡು ಪದರದ ನಡುವೆ ಒಂದೊಂದಕ್ಕೂ ಒಂದೊಂದು ಒರೆ ಹೊಲಿದರು. ಸೊಂಟಕ್ಕೆ ಒಳಗಡೆಯಿಂದ ಮಂಚದ ನವಾರಿನ ಪಟ್ಟಿ. ಬೆನ್ನಿಗೆ ಹದಿನಾಲ್ಕು ಕೊಕ್ಕೆ. ಸ್ಯಾಟಿನ್ನಿಗೆ ಮೊದಲ ಕತ್ತರಿ ಸೊಂಟದ ಹತ್ತಿರ ಬಿತ್ತು. ಕತ್ತರಿಸುವಾಗ ತಂದೆಯ ಪಟದ ಕಡೆ ಬೆನ್ನು ಮಾಡಿ ಕೂತಿದ್ದೆ ಎನ್ನುತ್ತಾರೆ.

ಡಿಸೆಂಬರ್ ಇಪ್ಪತ್ತೆಂಟು, ಭಾನುವಾರ, ನರ್ಸಮ್ಮ ತೊಟ್ಟು ನೋಡಲು ಬಂದರು. ಒಳಕೋಣೆಯಲ್ಲಿ ಕೊಕ್ಕೆಗಳನ್ನೆಲ್ಲ ಹಾಕಿ ಹಾಲಮ್ಮ ಹಿಂದೆ ಸರಿದರು. ಹುಡುಗಿ ಕೈ ಎತ್ತಿದಳು, ಬಗ್ಗಿದಳು, ಗಿರಕಿ ಹೊಡೆದಳು. ಕೊನೆಗೆ ನಾಗಂದಿಗೆಯ ಮೇಲಿನ ಪಾತ್ರೆಗಳು ಗಲಗಲ ಅನ್ನುವಂತೆ ಕುಪ್ಪಳಿಸಿದಳು. ಫ್ರಾಕು ಒಂದು ಕೂದಲಷ್ಟೂ ಕದಲಲಿಲ್ಲ.

“ನಾ ಇದನ್ನ ಹಿಡಕೊಂಡಿಲ್ರಿ ಹಾಲಮ್ಮಾರ,” ಅಂದಳು. “ಇದಽ ನನ್ನ ಹಿಡಕೊಂಡೈತಿ.”

“ಆವಾಗ ನನ್ನ ಕೈ ಮ್ಯಾಲೆ ನನಗೇ ಹೊಟ್ಟೆಕಿಚ್ಚಾಯ್ತು ನೋಡ್ರಿ,” ಅನ್ನುತ್ತಾರೆ ಹಾಲಮ್ಮ.

ಉಳಿದದ್ದು ಕೆಳಗಿನ ಅಂಚು ಮಡಿಸಿ ಇಸ್ತ್ರಿ ಮಾಡುವುದು ಮಾತ್ರ. ಸೋಮವಾರ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸಿದರೆ ಮಂಗಳವಾರ ನರ್ಸಮ್ಮ ಅದನ್ನು ಹಿಡಿದು ಹುಬ್ಬಳ್ಳಿಗೆ ಹೊರಡುವವರು. ಸೋಮವಾರ ನಸುಕಿಗೇ ಅಂಚು ಮುಗಿಯಿತು, ಇಸ್ತ್ರಿಯೂ ಆಯಿತು. ಮೂವತ್ತಮೂರು ವರ್ಷದ ಅಭ್ಯಾಸದಂತೆ ಹಾಲಮ್ಮ ಕೈಸೂಜಿಗೆ ದಾರ ಪೋಣಿಸಿ ಎತ್ತಿಕೊಂಡರು. ಹಾಕಬೇಕಾದ ಮೂರು ಹೊಲಿಗೆಗೆ ಜಾಗವಿರಲಿಲ್ಲ.

ಸೂಜಿ ಹಿಡಿದು ಹಾಗೇ ಕೂತಿದ್ದಾಗ ಒಲೆಗೆ ಕೆಂಡ ಕೇಳಲು ಪಕ್ಕದ ಮನೆಯ ವೀರಮ್ಮ ಬಂದರು. ಕೊಡದ ಮೇಲೆ ನಿಂತಿದ್ದ ಫ್ರಾಕನ್ನು ಸುತ್ತ ಬಂದು ನೋಡಿ, ಪಾಪ, ಬಟ್ಟೆ ಸಾಲಲಿಲ್ಲವೇ ಎಂದು ಕೇಳಿದರು. ಇದು ಇರುವುದೇ ಹೀಗೆ ಎಂದು ಹಾಲಮ್ಮ ಹೇಳಿದರು. ವೀರಮ್ಮ ಕೆಂಡವನ್ನು ಕರಟಕ್ಕೆ ಹಾಕಿಕೊಂಡು ಹೊಸಿಲಲ್ಲಿ ನಿಂತರು.

“ನಾಲ್ಕ್ ಜನದ ಮುಂದೆ ಜಾರಿದ್ರೆ ಆ ಹುಡುಗಿನ ಯಾರೂ ಅನ್ನಲ್ಲ ಕಣೆ. ಹೊಲ್ದೋರ್ ಯಾರು ಅಂತ ಕೇಳ್ತಾರೆ. ಪಂಚಾಕ್ಷರಪ್ಪ ಅಂತಾರೆ.”

ಅಷ್ಟು ಹೇಳಿ ಕೆಂಡ ಆರುತ್ತದೆಂದು ಹೊರಟುಹೋದರು. ಭಾನುವಾರ ಕಣ್ಣಾರೆ ಕಂಡದ್ದನ್ನು ಸೋಮವಾರದ ಈ ಮಾತು ಅಳಿಸಿಹಾಕಿತು. ಹಾಲಮ್ಮ ಉಳಿದ ಸ್ಯಾಟಿನ್ ಚೂರುಗಳಲ್ಲಿ ಎರಡು ಬೆರಳಗಲದ ಎರಡು ಪಟ್ಟಿ ಮಾಡಿ, ಮುಂದಿನಿಂದ ಹಿಂದಕ್ಕೆ, ಏನೇ ಆದರೂ ಬಿಚ್ಚದಂತೆ ಹೊಲಿದರು. ಫ್ರಾಕಿಗೆ ಹೆಗಲು ಬಂತು. ಬಲಹೆಗಲಿಗೆ ಮೂರು ಹೊಲಿಗೆ ಹಾಕಿ ಕಣ್ಣಿಗೊತ್ತಿಕೊಂಡು, ಕಾಗದದಲ್ಲಿ ಸುತ್ತಿ, ಕಂಡಕ್ಟರ್ ಹುಚ್ಚರಾಯಪ್ಪನವರ ಕೈಗೆ ಕೊಟ್ಟರು. ಬಸ್ಸು ಹೋದ ಮೇಲೆ ಎಷ್ಟೋ ದಿನದ ನಂತರ ಹೊಟ್ಟೆ ತುಂಬ ಊಟ ಮಾಡಿದರಂತೆ.

ಜನವರಿ ಎರಡನೆಯ ವಾರ ನರ್ಸಮ್ಮ ಕೆಲಸ ಬಿಟ್ಟು ಹೋಗುವ ಮೊದಲು ಹೇಳಿಹೋಗಲು ಬಂದರು. ಬಾಳೆಹಣ್ಣು ತಂದಿದ್ದರು. ಅದು ಇದು ಮಾತಾಡಿದರು. ಫ್ರಾಕಿನ ಸುದ್ದಿ ತಾವಾಗಿ ಎತ್ತಲಿಲ್ಲ, ಹಾಲಮ್ಮನವರೇ ಕೇಳಬೇಕಾಯಿತು.

ಇಸ್ತ್ರಿ ಕೆಡಬಾರದೆಂದು ಕಾಗದ ಬಿಚ್ಚಿದ್ದೇ ನೃತ್ಯದ ಸಂಜೆ. ಪಟ್ಟಿಗಳನ್ನು ಕಂಡು ತಾಯಿ ಕತ್ತರಿ ತಂದಳು. ಆದರೆ ಹೊಲಿಗೆ ಗಟ್ಟಿ, ಸ್ಯಾಟಿನ್ ತೆಳು; ಬಿಚ್ಚಲು ಹೋದರೆ ಎದೆಯ ಭಾಗವೇ ಹರಿಯುತ್ತಿತ್ತು, ಪಟ್ಟಿಯನ್ನೇ ಕತ್ತರಿಸಿದರೆ ಮೋಟು ತುದಿಗಳು ಎದ್ದು ಕಾಣುತ್ತಿದ್ದವು. ಹಾಗೇ ತೊಟ್ಟು ಹೋದರು. ಎರಡನೆಯ ಕುಣಿತಕ್ಕೆ ಕೈ ಎತ್ತಿದ್ದೇ ಪಟ್ಟಿ ಎದೆಯ ಭಾಗವನ್ನು ಮೇಲಕ್ಕೆಳೆಯಿತು, ಸೊಂಟದ ನವಾರು ಜಾಗ ಬಿಟ್ಟಿತು, ಎರಡು ಬಿದಿರು ಸೀಳು ಚಟ್ಟೆಂದು ಮುರಿದವು. ತನ್ನಷ್ಟಕ್ಕೆ ನಿಲ್ಲುತ್ತಿದ್ದುದನ್ನು ಹೆಗಲು ಕಿತ್ತು ಹಾಕಿತ್ತು. ಉಳಿದ ಹೊತ್ತೆಲ್ಲ ಹುಡುಗಿ ತಾಯಿಯ ಶಾಲು ಹೊದ್ದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

“ಹೋಗ್ಲಿ ಬಿಡ್ರಿ, ಬ್ಯಾಂಡ ಚಲೋ ಇತ್ತು,” ಅಂದರಂತೆ ನರ್ಸಮ್ಮ, ನಗುತ್ತ.

“ಬೈದಿದ್ರೆ ಚೆನ್ನಾಗಿತ್ತು,” ಅನ್ನುತ್ತಾರೆ ಹಾಲಮ್ಮ. ಕೈಯಲ್ಲಿನ ರವಿಕೆಯನ್ನು ಮಡಿಲಿಗೆ ಇಳಿಸುತ್ತಾರೆ. “ವೀರಮ್ಮಂದು ತಪ್ಪು ಅಂತ ಹೇಳಲ್ಲ. ಅವಳು ಕೆಂಡಕ್ಕೆ ಬಂದೋಳು. ಆ ಫ್ರಾಕಿಗೆ ಹೆಗಲು ಬೇಕಾಗಿರಲಿಲ್ರಿ. ನನಗೆ ಬೇಕಾಗಿತ್ತು.”

ಈಗೇನು ಆಸೆ ಎಂದು ಕೇಳಿದರೆ ಮಿಷನ್ನಿನ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸುತ್ತಾರೆ. ಕಣ್ಣು ಇರುವಷ್ಟರಲ್ಲಿ ಅಂಥದ್ದು ಇನ್ನೊಂದು ಹೊಲಿಯಬೇಕು. ಹೊಲಿದು, ಇಸ್ತ್ರಿ ಮಾಡಿ, ಕೈಸೂಜಿ ಎಲ್ಲಿದೆಯೆಂದು ಹುಡುಕದೆ, ಇದ್ದ ಹಾಗೆ ಕೊಟ್ಟುಬಿಡಬೇಕು. ಹೇಗೆಂಬುದು ಕೈಗೆ ಇನ್ನೂ ಗೊತ್ತಿದೆ ಎನ್ನುತ್ತಾರೆ.

ನರ್ಸಮ್ಮ ಫೆಬ್ರವರಿಯಲ್ಲಿ ಬೊಂಬಾಯಿಯಿಂದ ಹಡಗು ಹತ್ತಿದರು. ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಅಂಥ ಫ್ರಾಕು ಬೇಕೆಂದು ಇದುವರೆಗೆ ಇನ್ಯಾರೂ ಬಂದಿಲ್ಲ.